ಭತ್ತದ ನಾಟಿಗೆ ಕೂಲಿಯಾಳುಗಳ ಅಗತ್ಯ: ಅನಿಶ್ಚಿತ ವರ್ಷದಲ್ಲಿ ಮುಂಚಿತವಾಗಿ ಅಂದಾಜು ಮಾಡುವ ವಿಧಾನ

ತುಂಗಭದ್ರಾ ಅಚ್ಚುಕಟ್ಟಿನ ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ ಹಾಗೂ ಸಿರುಗುಪ್ಪ ತಾಲ್ಲೂಕುಗಳಲ್ಲಿ ಮುಂಗಾರು ಹಂಗಾಮಿನ ಪ್ರಮುಖ ಬೆಳೆ ಭತ್ತ. ಬೀಜ, ಗೊಬ್ಬರ ಮತ್ತು ಔಷಧಿಗಳ ಲೆಕ್ಕವನ್ನು ಹೆಚ್ಚಿನ ರೈತರು ಹಂಗಾಮಿಗೆ ಮೊದಲೇ ಹಾಕುತ್ತಾರೆ. ಆದರೆ ಕೂಲಿಯಾಳುಗಳ ಲೆಕ್ಕವನ್ನು ಸಸಿ ಕೀಳುವ ಹಿಂದಿನ ದಿನದವರೆಗೂ ಮುಂದೂಡುವುದು ಸಾಮಾನ್ಯವಾಗಿದೆ. ಗೊಬ್ಬರ ಒಂದು ಅಂಗಡಿಯಲ್ಲಿ ದೊರೆಯದಿದ್ದರೆ ಮತ್ತೊಂದರಲ್ಲಿ ದೊರೆಯಬಹುದು. ನಾಟಿಯ ಆಳುಗಳು ಮಾತ್ರ ಇಡೀ ನಾಲೆಯ ಉದ್ದಕ್ಕೂ ಒಂದೇ ವಾರದಲ್ಲಿ ಎಲ್ಲರಿಗೂ ಬೇಕಾಗುತ್ತಾರೆ.

ನೀರು, ಬೆಲೆ ಮತ್ತು ಆಳುಗಳ ಲಭ್ಯತೆ ಮೂರೂ ಅನಿಶ್ಚಿತವಾಗಿರುವ ವರ್ಷದಲ್ಲಿ ಆಳುಗಳ ಅಗತ್ಯವನ್ನು ಹೇಗೆ ಅಂದಾಜು ಮಾಡಬೇಕು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ. ಇದರ ತಿರುಳು ಇಷ್ಟು: ಹಂಗಾಮಿಗೆ ಒಟ್ಟು ಎಷ್ಟು ಆಳು ಎಂಬ ಒಂದೇ ಸಂಖ್ಯೆ ಉಪಯೋಗಕ್ಕೆ ಬಾರದು. ಯಾವ ದಿನಗಳಲ್ಲಿ ದಿನಕ್ಕೆ ಎಷ್ಟು ಆಳು ಬೇಕು, ಅದು ಕನಿಷ್ಠ ಎಷ್ಟಕ್ಕೆ ಇಳಿಯಬಹುದು, ಗರಿಷ್ಠ ಎಷ್ಟಕ್ಕೆ ಏರಬಹುದು ಎಂಬುದನ್ನು ತಿಳಿದು, ಒಪ್ಪಂದಗಳನ್ನು ಹಂತ ಹಂತವಾಗಿ ಮಾಡಿಕೊಳ್ಳಬೇಕು.

ಅನಿಶ್ಚಿತತೆ ಎಲ್ಲಿಂದ ಬರುತ್ತದೆ?

ಮೊದಲನೆಯದು ನೀರು. ತುಂಗಭದ್ರಾ ಜಲಾಶಯದ ಮೂಲ ಸಂಗ್ರಹ ಸಾಮರ್ಥ್ಯ ಸುಮಾರು 133 ಟಿಎಂಸಿ ಅಡಿ. ಹೂಳು ತುಂಬಿದ ಕಾರಣ ಅದು ಈಗ ಸುಮಾರು 105 ಟಿಎಂಸಿ ಅಡಿಗೆ ಇಳಿದಿದೆ. ಆದ್ದರಿಂದ ಜಲಾಶಯ ತುಂಬಿದ ವರ್ಷವೂ ಮೊದಲಿನಷ್ಟು ನಿಶ್ಚಿಂತೆಯಿಲ್ಲ. 2023ರಲ್ಲಿ ಮುಂಗಾರು ಕೈಕೊಟ್ಟು ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಲಾಯಿತು. ಮರುವರ್ಷ, 2024ರ ಆಗಸ್ಟ್ 10ರ ರಾತ್ರಿ, ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋಯಿತು. ಅದು ನಾಟಿಯ ಕಾಲ. ನೀರು ನದಿಗೆ ಹರಿದುಹೋಗುತ್ತಿದ್ದ ಆ ದಿನಗಳಲ್ಲಿ ನಾಟಿ ಮುಗಿಸಿದವರಿಗೂ ಮುಗಿಸದವರಿಗೂ ಮುಂದೇನೆಂಬುದು ತಿಳಿಯದಾಗಿತ್ತು. ತಾತ್ಕಾಲಿಕ ಗೇಟ್ ಅಳವಡಿಸಿದ ಬಳಿಕ, ನಂತರದ ಮಳೆಯಿಂದ ಜಲಾಶಯ ಮತ್ತೆ ತುಂಬಿತು. ಒಂದರ ಹಿಂದೊಂದು ಬಂದ ಈ ಎರಡು ವರ್ಷಗಳು ಒಂದಕ್ಕೊಂದು ಹೋಲುವುದಿಲ್ಲ. ಹೋದ ವರ್ಷದ ಲೆಕ್ಕವನ್ನೇ ಈ ವರ್ಷಕ್ಕೆ ಹಾಗೆಯೇ ಇಟ್ಟುಕೊಳ್ಳಲಾಗದು ಎಂಬುದಕ್ಕೆ ಇದೇ ನಿದರ್ಶನ.

ಎರಡನೆಯದು ಮಾರುಕಟ್ಟೆ. ಕೇಂದ್ರ ಸರ್ಕಾರವು ಬಾಸ್ಮತಿಯೇತರ ಬಿಳಿ ಅಕ್ಕಿಯ ರಫ್ತನ್ನು 2023ರ ಜುಲೈ 20ರಂದು ನಿಷೇಧಿಸಿ, 2024ರ ಸೆಪ್ಟೆಂಬರ್ ಕೊನೆಯಲ್ಲಿ ಆ ನಿಷೇಧವನ್ನು ತೆರವುಗೊಳಿಸಿತು. ಇಂತಹ ತೀರ್ಮಾನಗಳು ಹಂಗಾಮಿನ ನಡುವೆಯೇ ಬರುತ್ತವೆ. ಬೆಲೆಯ ನಿರೀಕ್ಷೆ ಬದಲಾದಂತೆ ಭತ್ತದ ವಿಸ್ತೀರ್ಣ ಬದಲಾಗುತ್ತದೆ. ವಿಸ್ತೀರ್ಣ ಬದಲಾದರೆ ನಿಮ್ಮ ಅಕ್ಕಪಕ್ಕದ ಹೊಲದವರಿಗೆ ಬೇಕಾಗುವ ಆಳುಗಳ ಸಂಖ್ಯೆಯೂ ಬದಲಾಗುತ್ತದೆ.

ಮೂರನೆಯದು ಆಳುಗಳ ಲಭ್ಯತೆ. ಇದರಲ್ಲಿ ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ನಾಟಿಗೆ ಬರುವವರಲ್ಲಿ ಅನೇಕರು ಸ್ವತಃ ಸಣ್ಣ ಹಿಡುವಳಿದಾರರು. ಮಳೆ ಚೆನ್ನಾಗಿ ಬಂದ ವರ್ಷ ಅವರು ತಮ್ಮ ಖುಷ್ಕಿ ಜಮೀನಿನ ಹತ್ತಿ, ತೊಗರಿ ಮತ್ತು ಸಜ್ಜೆಯ ಕಳೆ ತೆಗೆಯುವುದರಲ್ಲಿ ತೊಡಗಿರುತ್ತಾರೆ. ಅದೇ ವರ್ಷ ನಾಲೆಗೂ ನೀರು ಬರುವುದರಿಂದ ನಾಟಿಗೆ ಬೇಡಿಕೆ ಹೆಚ್ಚುತ್ತದೆ. ಅಂದರೆ ಬೇಡಿಕೆ ಏರುವ ವರ್ಷವೇ ಪೂರೈಕೆ ಕುಗ್ಗುತ್ತದೆ. ಬರದ ವರ್ಷ ಸ್ಥಿತಿ ಬೇರೆ. ಕೆಲಸವಿಲ್ಲದೆ ಕುಟುಂಬಗಳು ಬೆಂಗಳೂರಿನಂತಹ ನಗರಗಳ ಕಟ್ಟಡ ಕಾಮಗಾರಿಗಳಿಗೆ ಗುಳೆ ಹೋಗುತ್ತವೆ. ತಡವಾಗಿ ಮಳೆ ಬಂದು ನಾಟಿ ಆರಂಭವಾದರೂ ಅವರು ಕೂಡಲೇ ಹಿಂದಿರುಗುವುದಿಲ್ಲ. ಆದ್ದರಿಂದ ಮಳೆಯ ಮುನ್ಸೂಚನೆಯನ್ನು ನೀರಿನ ದೃಷ್ಟಿಯಿಂದ ಮಾತ್ರವಲ್ಲ, ಆಳುಗಳ ದೃಷ್ಟಿಯಿಂದಲೂ ನೋಡಬೇಕು.

ಮೊದಲ ಹಂತ: ಮಾನವ ದಿನಗಳನ್ನು ಕೆಲಸದ ದಿನಗಳಿಗೆ ಹಂಚುವುದು

ಒಬ್ಬರು ಒಂದು ದಿನದಲ್ಲಿ ಮಾಡುವ ಕೆಲಸವನ್ನು ಒಂದು ಮಾನವ ದಿನ ಎನ್ನುತ್ತೇವೆ. ಕೈನಾಟಿಗೆ ಎಕರೆಗೆ ಸಾಮಾನ್ಯವಾಗಿ 10ರಿಂದ 12 ಮಾನವ ದಿನಗಳು ಬೇಕಾಗುತ್ತವೆ. ನಿಮ್ಮ ಮಣ್ಣು, ಸಸಿಮಡಿಯ ದೂರ ಮತ್ತು ತಂಡದ ಅನುಭವಕ್ಕೆ ತಕ್ಕಂತೆ ನಿಮ್ಮದೇ ಸಂಖ್ಯೆಯನ್ನು ಇಟ್ಟುಕೊಳ್ಳಿ.

ಉದಾಹರಣೆಗೆ, ವಿತರಣಾ ನಾಲೆಯ ಕೊನೆಯ ಭಾಗದಲ್ಲಿ 8 ಎಕರೆ ಗದ್ದೆಯಿರುವ ರೈತರೊಬ್ಬರನ್ನು ಭಾವಿಸಿಕೊಳ್ಳಿ. ಎಕರೆಗೆ 12ರಂತೆ ಒಟ್ಟು 96 ಮಾನವ ದಿನಗಳು ಬೇಕು. ಈಗ ಕೇಳಬೇಕಾದ ಪ್ರಶ್ನೆ, ಈ 96 ಮಾನವ ದಿನಗಳ ಕೆಲಸ ಎಷ್ಟು ದಿನಗಳೊಳಗೆ ಮುಗಿಯಬೇಕು ಎಂಬುದು. ಸಸಿಗಳನ್ನು 25ರಿಂದ 35 ದಿನಗಳ ವಯಸ್ಸಿನಲ್ಲಿ ನೆಡಬೇಕೆಂದು ಇಟ್ಟುಕೊಂಡರೆ ದೊರೆಯುವ ಅವಕಾಶ 10 ದಿನಗಳು. ಭಾರಿ ಮಳೆ, ಹಬ್ಬ, ಕೆಸರು ಮಾಡುವ ಟ್ರ್ಯಾಕ್ಟರ್ ದೊರೆಯದ ದಿನ ಮುಂತಾದ ಕಾರಣಗಳಿಗೆ 4 ದಿನಗಳನ್ನು ಕಳೆದರೆ ಉಳಿಯುವುದು 6 ದಿನಗಳು. 96ನ್ನು 6ರಿಂದ ಭಾಗಿಸಿದರೆ ದಿನಕ್ಕೆ 16 ಆಳು.

ಎರಡನೇ ಹಂತ: ಮೂರು ಸಂದರ್ಭಗಳಿಗೆ ಲೆಕ್ಕ

ಅನೇಕ ರೈತರು ಸಸಿಮಡಿಯನ್ನು ಕೊಳವೆಬಾವಿ ಅಥವಾ ಹಳ್ಳದ ನೀರಿನಿಂದ, ನಾಲೆಗೆ ನೀರು ಬಿಡುವ ದಿನಾಂಕ ನಿಶ್ಚಯವಾಗುವ ಮೊದಲೇ ಮಾಡಿಕೊಳ್ಳುತ್ತಾರೆ. ಸಸಿಯ ವಯಸ್ಸು ನೀರಿಗಾಗಿ ಕಾಯುವುದಿಲ್ಲ. ಆದ್ದರಿಂದ ಒಂದೇ ಸಂದರ್ಭವನ್ನು ನಂಬದೆ ಈ ಮೂರಕ್ಕೂ ಲೆಕ್ಕ ಮಾಡಿ.

• ನೀರು ನಿರೀಕ್ಷಿತ ದಿನಕ್ಕೆ ಬಂದರೆ: 96 ಮಾನವ ದಿನ, 6 ಕೆಲಸದ ದಿನ, ದಿನಕ್ಕೆ 16 ಆಳು.
• ನೀರು 3 ದಿನ ತಡವಾದರೆ: ಅವಕಾಶ 7 ದಿನಗಳಿಗೆ ಇಳಿದು, ಕೆಲಸಕ್ಕೆ ಒದಗುವುದು 4 ದಿನಗಳೆಂದುಕೊಳ್ಳಿ, ದಿನಕ್ಕೆ 24 ಆಳು.
• ನೀರು ತಡವಾಗಿ, ಅರ್ಧದಷ್ಟೇ ಬಂದರೆ: 4 ಎಕರೆಗೆ ಮಾತ್ರ ಭತ್ತ, 48 ಮಾನವ ದಿನ, 4 ಕೆಲಸದ ದಿನ, ದಿನಕ್ಕೆ 12 ಆಳು.

ಮೂರು ದಿನಗಳ ವಿಳಂಬವು ಒಟ್ಟು ಕೆಲಸವನ್ನು ಒಂದಿಷ್ಟೂ ಹೆಚ್ಚಿಸಲಿಲ್ಲ, ಆದರೆ ದಿನದ ಅಗತ್ಯವನ್ನು ಒಂದೂವರೆ ಪಟ್ಟು ಮಾಡಿತು. ಅಲ್ಲದೆ ಈ ವಿಳಂಬ ನಿಮ್ಮೊಬ್ಬರದಲ್ಲ. ಅದೇ ತೂಬಿನ ಕೆಳಗಿರುವ ಎಲ್ಲರ ಬೇಡಿಕೆಯೂ ಅದೇ ದಿನಗಳಲ್ಲಿ ಏರುತ್ತದೆ. ಆಳುಗಳ ಅಭಾವವೆಂದು ನಾವು ಕರೆಯುವುದು ಬಹುಮಟ್ಟಿಗೆ ದಿನಗಳ ಅಭಾವ.

ಮೂರನೇ ಹಂತ: ಒಪ್ಪಿದವರಲ್ಲಿ ಬರುವವರು ಎಷ್ಟು?

ಕಳೆದ ಮೂರು ಹಂಗಾಮುಗಳನ್ನು ನೆನಪಿಸಿಕೊಳ್ಳಿ. ಬರುತ್ತೇವೆಂದು ಒಪ್ಪಿದ ಪ್ರತಿ 20 ಜನರಲ್ಲಿ ಸರಾಸರಿ 15 ಜನ ಬಂದಿದ್ದರೆ ಹಾಜರಾತಿ ಶೇ. 75. ಆಗ ದಿನಕ್ಕೆ 12 ಜನ ಗದ್ದೆಯಲ್ಲಿರಬೇಕಾದರೆ 16 ಜನರೊಂದಿಗೆ, 24 ಜನ ಬೇಕಾದರೆ 32 ಜನರೊಂದಿಗೆ ಮಾತಾಡಿಕೊಂಡಿರಬೇಕು.

ಸರಾಸರಿಯನ್ನು ಮಾತ್ರ ನಂಬುವುದೂ ಸರಿಯಲ್ಲ. ಗೈರುಹಾಜರಿ ಒಬ್ಬೊಬ್ಬರದಾಗಿ ಬರುವುದಕ್ಕಿಂತ ತಂಡದ್ದಾಗಿ ಬರುವುದೇ ಹೆಚ್ಚು. ತಂಡದ ಮೇಸ್ತ್ರಿ ಹೆಚ್ಚು ಕೂಲಿ ಕೊಡುವ ಊರಿಗೆ ಹೋದರೆ ಇಡೀ ತಂಡವೇ ಹೋಗುತ್ತದೆ. ಊರಿನಲ್ಲಿ ಸಾವು ಅಥವಾ ಜಾತ್ರೆ ಇದ್ದರೆ ಯಾರೂ ಬರುವುದಿಲ್ಲ. ಆದ್ದರಿಂದ 20 ಜನರ ಒಂದು ತಂಡಕ್ಕಿಂತ ಬೇರೆ ಬೇರೆ ಊರುಗಳ ತಲಾ 10 ಜನರ ಎರಡು ತಂಡಗಳು ಹೆಚ್ಚು ಭದ್ರ. ನಾಲೆಯ ಮೇಲ್ಭಾಗದಲ್ಲಿ ನೀರು ಮೊದಲು ಬರುವುದರಿಂದ ಅಲ್ಲಿ ನಾಟಿ ಮುಗಿಸಿದ ತಂಡಗಳು ಕೆಳಭಾಗಕ್ಕೆ ಇಳಿಯುತ್ತವೆ. ನಿಮ್ಮ ಗದ್ದೆ ಕೊನೆಯ ಭಾಗದಲ್ಲಿದ್ದರೆ ಎರಡನೇ ತಂಡವನ್ನು ಮೇಲ್ಭಾಗದ ಊರಿನಿಂದ ಗೊತ್ತುಮಾಡಿಕೊಳ್ಳುವುದು ಸೂಕ್ತ.

ನಾಲ್ಕನೇ ಹಂತ: ಅಂದಾಜು ತಪ್ಪಿದರೆ ಆಗುವ ನಷ್ಟವನ್ನು ತೂಗುವುದು

ಅಂದಾಜು ತಪ್ಪುವುದು ಸಹಜ. ಯಾವ ಕಡೆಗೆ ತಪ್ಪಿದರೆ ನಷ್ಟ ಕಡಿಮೆ ಎಂಬುದನ್ನು ಮೊದಲೇ ತಿಳಿದಿರಬೇಕು. ಮೇಲಿನ ಉದಾಹರಣೆಯಲ್ಲಿ ದಿನಕ್ಕೆ 6 ಆಳುಗಳಂತೆ 4 ದಿನ ಕೊರತೆಯಾದರೆ 24 ಮಾನವ ದಿನಗಳ, ಅಂದರೆ 2 ಎಕರೆಯ ನಾಟಿ ಉಳಿದುಹೋಗುತ್ತದೆ. ಸಸಿ ಬಲಿತು ತೆಂಡೆ ಕಡಿಮೆಯಾಗುತ್ತದೆ. ದೀರ್ಘಾವಧಿ ತಳಿಗಳಲ್ಲಿ ಹೂ ಬಿಡುವ ಹೊತ್ತಿಗೆ ಚಳಿ ತಗುಲಿ ಜೊಳ್ಳು ಹೆಚ್ಚುವ ಸಂಭವವೂ ಇದೆ. ಇದರಿಂದ ಎಕರೆಗೆ 2 ಕ್ವಿಂಟಲ್ ಇಳುವರಿ ಕಡಿಮೆಯಾಗುತ್ತದೆಂದು ಭಾವಿಸಿದರೂ, 2025–26ನೇ ಸಾಲಿನ ಸಾಮಾನ್ಯ ಭತ್ತದ ಬೆಂಬಲ ಬೆಲೆಯಾದ ಕ್ವಿಂಟಲಿಗೆ 2,369 ರೂ. ಲೆಕ್ಕದಲ್ಲಿ 9,476 ರೂ. ನಷ್ಟ. ಇದಕ್ಕೆ ಪ್ರತಿಯಾಗಿ 6 ಆಳುಗಳು ಹೆಚ್ಚಾಗಿ ಬಂದರೆ ನಾಟಿ ಬೇಗ ಮುಗಿಯುತ್ತದೆ, ಅಷ್ಟೆ. ಗದ್ದೆ ಸಿದ್ಧವಿಲ್ಲದೆ ಅವರು ಒಂದು ದಿನ ಕುಳಿತರೂ ತಲಾ 400 ರೂ. ಎಂದು ಹಿಡಿದರೆ ವೆಚ್ಚ 2,400 ರೂ. ಆದ್ದರಿಂದ ನಾಟಿಯಲ್ಲಿ ಅಂದಾಜು ತುಸು ಹೆಚ್ಚಿನ ಕಡೆಗಿರಲಿ.

ಎಲ್ಲ ಕೆಲಸಗಳಿಗೂ ಇದೇ ನಿಯಮ ಅನ್ವಯಿಸದು. ಕಳೆ ತೆಗೆಯುವುದಕ್ಕೆ ಶಿಫಾರಸು ಮಾಡಿದ ಕಳೆನಾಶಕದ ಆಸರೆಯಿರುವುದರಿಂದ ಅಲ್ಲಿ ಅಂದಾಜು ಕಡಿಮೆಯಿದ್ದರೂ ನಡೆಯುತ್ತದೆ. ಕಟಾವಿಗೆ ಯಂತ್ರಗಳೇ ಹೆಚ್ಚಾಗಿ ಬಳಕೆಯಲ್ಲಿರುವುದರಿಂದ ಆಳುಗಳ ಬದಲು ಯಂತ್ರದ ಗಂಟೆಗಳನ್ನು ಇದೇ ರೀತಿ ದಿನಗಳಿಗೆ ಹಂಚಿ ಲೆಕ್ಕ ಮಾಡಬೇಕು.

ಕೂಲಿ ದರವನ್ನೂ ಒಂದೇ ಸಂಖ್ಯೆಯಾಗಿ ಬರೆದುಕೊಳ್ಳಬೇಡಿ. ಉದ್ಯೋಗ ಖಾತರಿ ಯೋಜನೆಯ ಕೂಲಿ ಕರ್ನಾಟಕದಲ್ಲಿ 2024–25ರಲ್ಲಿ ದಿನಕ್ಕೆ 349 ರೂ. ಇದ್ದು, 2025–26ಕ್ಕೆ 370 ರೂ. ಆಯಿತು. ನಾಟಿಯ ಕೂಲಿ ಇದಕ್ಕಿಂತ ಎಷ್ಟು ಮೇಲಿರುತ್ತದೆ ಎಂಬುದು ಆ ವಾರದ ಬೇಡಿಕೆಯನ್ನು ಅವಲಂಬಿಸುತ್ತದೆ. ನಿರೀಕ್ಷಿತ ದರ ಮತ್ತು ನೀವು ಭರಿಸಬಲ್ಲ ಗರಿಷ್ಠ ದರ ಎರಡನ್ನೂ ನಿರ್ಧರಿಸಿ, ವ್ಯತ್ಯಾಸದ ಹಣವನ್ನು ಬೇರೆಯಾಗಿ ಇಟ್ಟುಕೊಳ್ಳಿ.

ಐದನೇ ಹಂತ: ಗರಿಷ್ಠ ಅಗತ್ಯವನ್ನೇ ತಗ್ಗಿಸುವುದು

ಅಂದಾಜಿನ ನಿಜವಾದ ಪ್ರಯೋಜನ ಇಲ್ಲಿದೆ. 24 ಆಳುಗಳನ್ನು ಎಲ್ಲಿಂದ ತರುವುದೆಂದು ಚಿಂತಿಸುವ ಮೊದಲು, ಅಷ್ಟು ಬೇಕಾಗದಂತೆ ಮಾಡಲು ಸಾಧ್ಯವೇ ಎಂದು ನೋಡಿ. ಅದೇ ರೈತರು 8 ಎಕರೆಯಲ್ಲಿ 3 ಎಕರೆಗೆ ಕೂರಿಗೆಯಿಂದ ನೇರ ಬಿತ್ತನೆ ಮಾಡಿ, ಉಳಿದ 5 ಎಕರೆಗೆ ಮಾತ್ರ ನಾಟಿ ಮಾಡುತ್ತಾರೆಂದು ಭಾವಿಸಿ. ನಾಟಿಗೆ ಬೇಕಾಗುವುದು 60 ಮಾನವ ದಿನಗಳು.

• ನೀರು ಸಕಾಲಕ್ಕೆ ಬಂದರೆ: 6 ದಿನಗಳಲ್ಲಿ ದಿನಕ್ಕೆ 10 ಆಳು.
• ನೀರು 3 ದಿನ ತಡವಾದರೆ: 4 ದಿನಗಳಲ್ಲಿ ದಿನಕ್ಕೆ 15 ಆಳು.
• ನೀರು ಅರ್ಧದಷ್ಟೇ ಬಂದರೆ: ಬಿತ್ತಿದ 3 ಎಕರೆ ಉಳಿಸಿಕೊಂಡು 1 ಎಕರೆ ನಾಟಿ, 12 ಮಾನವ ದಿನ.

ಹಾಜರಾತಿ ಶೇ. 75 ಎಂದು ಹಿಡಿದರೆ, ಅತ್ಯಂತ ಕಷ್ಟದ ಸಂದರ್ಭಕ್ಕೂ 32 ಜನರ ಬದಲು 20 ಜನರೊಂದಿಗಿನ ಒಪ್ಪಂದ, ಅಂದರೆ 10 ಜನರ ಎರಡು ತಂಡ, ಸಾಕಾಗುತ್ತದೆ. ನೀರು ಕಡಿಮೆಯಾದರೆ ಒಂದೇ ತಂಡ ಎರಡು ದಿನಗಳಲ್ಲಿ ಕೆಲಸ ಮುಗಿಸುತ್ತದೆ.

ನೇರ ಬಿತ್ತನೆ ಎಲ್ಲ ಗದ್ದೆಗಳಿಗೂ ಒಗ್ಗುವುದಿಲ್ಲ. ನೀರು ನಿಲ್ಲುವ ತಗ್ಗು ಪ್ರದೇಶ, ಸಮತಟ್ಟಿಲ್ಲದ ಭೂಮಿ ಹಾಗೂ ಕಾಡುಭತ್ತದ ಹಾವಳಿಯಿರುವ ಗದ್ದೆಗಳಲ್ಲಿ ಇದನ್ನು ಅನುಸರಿಸಬಾರದು. ಕಳೆ ನಿಯಂತ್ರಣಕ್ಕೆ ಮೊದಲ ತಿಂಗಳು ವಿಶೇಷ ಗಮನ ಬೇಕು. ನಾಟಿಯಲ್ಲಿ ಉಳಿಸಿದ ಆಳುಗಳನ್ನು ಕಳೆಯಲ್ಲಿ ಕಳೆದುಕೊಂಡರೆ ಪ್ರಯೋಜನವಿಲ್ಲ.

ನೇರ ಬಿತ್ತನೆ ಸಾಧ್ಯವಿಲ್ಲದವರು ಸಸಿಮಡಿಯನ್ನು ಎರಡು ಕಂತುಗಳಲ್ಲಿ, 7ರಿಂದ 8 ದಿನಗಳ ಅಂತರದಲ್ಲಿ ಮಾಡಿಕೊಳ್ಳಬಹುದು. ಎರಡನೇ ಕಂತಿಗೆ ಬಿಪಿಟಿ 5204 ನಂತಹ ದೀರ್ಘಾವಧಿ ತಳಿಯ ಬದಲು ಸುಮಾರು 125 ದಿನಗಳಲ್ಲಿ ಮಾಗುವ ಆರ್‌ಎನ್‌ಆರ್ 15048 ನಂತಹ ತಳಿಯನ್ನು ಆರಿಸಿಕೊಂಡರೆ ತಡವಾದ ನಾಟಿಯ ಅಪಾಯವೂ ತಗ್ಗುತ್ತದೆ. ನಾಟಿ ಯಂತ್ರ ಬಳಸುವವರು ಚಾಪೆ ಮಾದರಿಯ ಸಸಿಮಡಿಯನ್ನೇ ಬೆಳೆಸಬೇಕು ಎಂಬುದನ್ನು ನೆನಪಿಡಬೇಕು. ಆಳು ಸಿಗದ ದಿನ ಯಂತ್ರ ತರಿಸೋಣ ಎಂದುಕೊಂಡರೆ ಸಾಮಾನ್ಯ ಸಸಿಮಡಿಯ ಸಸಿಗಳು ಯಂತ್ರಕ್ಕೆ ಹೊಂದುವುದಿಲ್ಲ.

ಯಾವ ತೀರ್ಮಾನ ಯಾವಾಗ?

ಪ್ರತಿಯೊಂದು ಪರ್ಯಾಯಕ್ಕೂ ಒಂದು ಕೊನೆಯ ದಿನವಿದೆ. ಅದು ಕಳೆದ ಬಳಿಕ ಮಾಹಿತಿ ದೊರೆತರೂ ಉಪಯೋಗವಿಲ್ಲ.

• ಮೇ ಕೊನೆ: ಭಾರತೀಯ ಹವಾಮಾನ ಇಲಾಖೆಯ ಪರಿಷ್ಕೃತ ಮುಂಗಾರು ಮುನ್ಸೂಚನೆಯನ್ನು ಗಮನಿಸಿ. ನೇರ ಬಿತ್ತನೆಗೆ ಯೋಗ್ಯವಾದ ಗದ್ದೆಗಳನ್ನು ಗುರುತಿಸಿ.
• ಮೊದಲ ಹದ ಮಳೆ: ನೇರ ಬಿತ್ತನೆಯ ವಿಸ್ತೀರ್ಣವನ್ನು ತೀರ್ಮಾನಿಸಿ. ಸುತ್ತಲಿನ ಊರುಗಳಲ್ಲಿ ಹತ್ತಿಯ ಬಿತ್ತನೆ ಎಷ್ಟಾಗಿದೆ ಎಂಬುದನ್ನು ಗಮನಿಸಿ. ಹತ್ತಿ ಹೆಚ್ಚಾದಷ್ಟೂ ನಾಟಿಯ ಹೊತ್ತಿಗೆ ಆಳು ಕಡಿಮೆ.
• ಸಸಿಮಡಿಗೆ ಮೊದಲು: ಕೈನಾಟಿಯೋ ಯಂತ್ರ ನಾಟಿಯೋ ನಿರ್ಧರಿಸಿ. ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಯಂತ್ರದ ಲಭ್ಯತೆಯನ್ನು ವಿಚಾರಿಸಿ. ಮೊದಲ ತಂಡದೊಂದಿಗೆ ಮಾತಾಡಿಕೊಳ್ಳಿ.
• ನೀರಾವರಿ ಸಲಹಾ ಸಮಿತಿಯ ತೀರ್ಮಾನ ಪ್ರಕಟವಾದಾಗ: ನಿಮ್ಮ ತೂಬಿಗೆ ನೀರು ತಲುಪುವ ದಿನವನ್ನು ಅಂದಾಜಿಸಿ, ಮೂರೂ ಸಂದರ್ಭಗಳ ಲೆಕ್ಕವನ್ನು ಮತ್ತೊಮ್ಮೆ ಮಾಡಿ. ಎರಡನೇ ತಂಡವನ್ನು ಖಚಿತಪಡಿಸಿ ಅಥವಾ ಬಿಡುಗಡೆ ಮಾಡಿ.
• ನಾಟಿಗೆ 3 ದಿನ ಮೊದಲು: ಗದ್ದೆ ಸಿದ್ಧತೆ, ನೀರಿನ ಸರದಿ ಮತ್ತು ಆಳುಗಳ ಸಂಖ್ಯೆಯನ್ನು ಅಂತಿಮಗೊಳಿಸಿ.

ನಾಲೆಯ ಮಟ್ಟದಲ್ಲಿ ಒಟ್ಟು ಲೆಕ್ಕ

ಹಾಜರಾತಿ ಕಡಿಮೆಯೆಂದು ಪ್ರತಿಯೊಬ್ಬ ರೈತರೂ ಅಗತ್ಯಕ್ಕಿಂತ ಹೆಚ್ಚು ಜನರಿಗೆ ಹೇಳಿಟ್ಟರೆ, ಒಂದೇ ತಂಡ ನಾಲ್ಕು ಕಡೆ ಒಪ್ಪಿಕೊಂಡಿರುತ್ತದೆ. ಕಾಗದದ ಮೇಲೆ ಅಭಾವ ದೊಡ್ಡದಾಗಿ ಕಾಣುತ್ತದೆ, ಕೂಲಿ ಏರುತ್ತದೆ, ಹಾಜರಾತಿ ಇನ್ನಷ್ಟು ಕುಸಿಯುತ್ತದೆ. ಒಬ್ಬರಿಗೆ ಭದ್ರತೆಯಾದದ್ದು ಎಲ್ಲರೂ ಮಾಡಿದಾಗ ತೊಂದರೆಯಾಗುತ್ತದೆ. ಇದನ್ನು ತಪ್ಪಿಸಲು ನೀರು ಬಳಕೆದಾರರ ಸಹಕಾರ ಸಂಘ ಅಥವಾ ರೈತರ ಗುಂಪಿನಲ್ಲಿ ಸಸಿಮಡಿಯ ದಿನಾಂಕ, ನಾಟಿಯ ಎಕರೆ ಹಾಗೂ ಗೊತ್ತುಮಾಡಿಕೊಂಡ ತಂಡ ಈ ಮೂರು ವಿವರಗಳನ್ನು ಒಂದು ಹಾಳೆಯಲ್ಲಿ ಬರೆದು ಎಲ್ಲರಿಗೂ ತಿಳಿಯುವಂತೆ ಇಡಿ. ಯಾವ ವಾರ ಬೇಡಿಕೆ ಒಟ್ಟಾಗಿ ಏರುತ್ತದೆ ಎಂಬುದು ಕಂಡರೆ ಇಬ್ಬರು ಮೂವರು ಸಸಿಮಡಿಯನ್ನು ಹಿಂದೆ ಮುಂದೆ ಮಾಡಿಕೊಳ್ಳಲು ಅವಕಾಶವಿರುತ್ತದೆ. ಸಣ್ಣ ಹಿಡುವಳಿದಾರರಿಗೆ ಮುಯ್ಯಾಳು ಪದ್ಧತಿ ಇಂದಿಗೂ ಉಪಯುಕ್ತ. ನಾಟಿಯ ದಿನಗಳು ಬೇರೆ ಬೇರೆಯಾಗಿದ್ದರೆ ಮಾತ್ರ ಅದು ನಡೆಯುತ್ತದೆ.

ಕೂಲಿಕಾರರ ಕಡೆಯಿಂದ

ನೀವು ಮಾಡುವ ಅಂದಾಜು ಕೂಲಿಕಾರರಿಗೆ ನೀಡುವ ಮಾತೂ ಹೌದು. ನಿಮ್ಮ ಮಾತನ್ನು ನಂಬಿ ಬೇರೆ ಕಡೆಯ ಕೆಲಸ ಬಿಟ್ಟು ಬಂದವರಿಗೆ ನೀರು ಬಾರದ ದಿನ ಬರಿಗೈಯಲ್ಲಿ ಹಿಂದಿರುಗಬೇಕಾದರೆ ಅನಿಶ್ಚಿತತೆಯ ಹೊರೆಯೆಲ್ಲ ಅವರ ಮೇಲೆಯೇ ಬೀಳುತ್ತದೆ. ಮರುವರ್ಷ ಅವರು ಬಾರದಿರುವುದಕ್ಕೆ ಇದೇ ಕಾರಣವಾಗಬಹುದು. ಒಪ್ಪಂದ ರದ್ದಾಗುವುದಾದರೆ ಕನಿಷ್ಠ ಎರಡು ದಿನ ಮೊದಲು ತಿಳಿಸಿ. ಗದ್ದೆಗೆ ಬಂದ ಬಳಿಕ ಕೆಲಸವಿಲ್ಲದಿದ್ದರೆ ಅರ್ಧ ದಿನದ ಕೂಲಿಯನ್ನಾದರೂ ಕೊಡುವುದಾಗಿ ಮೊದಲೇ ಒಪ್ಪಿಕೊಳ್ಳಿ. ಮುಂಗಡ ಕೊಟ್ಟರೆ ಅದನ್ನು ಬರೆದಿಟ್ಟು ಕೂಲಿಯಲ್ಲಿ ಕಳೆಯಿರಿ. ಮುಂಗಡದ ನೆಪದಲ್ಲಿ ಯಾರನ್ನೂ ಕೆಲಸಕ್ಕೆ ಕಟ್ಟಿಹಾಕುವುದು 1976ರ ಜೀತ ಪದ್ಧತಿ ನಿರ್ಮೂಲನಾ ಕಾಯ್ದೆಯ ಪ್ರಕಾರ ಅಪರಾಧ. ನಾಟಿ ಮಾಡುವವರಲ್ಲಿ ಮಹಿಳೆಯರೇ ಹೆಚ್ಚು. ಸಮಾನ ಕೆಲಸಕ್ಕೆ ಸಮಾನ ಕೂಲಿ ಕೊಡುವುದು ಕಾನೂನಿನ ಅಗತ್ಯ. ಕುಡಿಯುವ ನೀರು, ನೆರಳು ಮತ್ತು ಅದೇ ದಿನ ಕೂಲಿ ಪಾವತಿ ಇರುವ ಹೊಲಕ್ಕೆ ಹಾಜರಾತಿ ಹೆಚ್ಚಾಗುವುದನ್ನು ನಿಮ್ಮ ಲೆಕ್ಕದ ಪುಸ್ತಕವೇ ತೋರಿಸೀತು.

ಎಕರೆ ಗುತ್ತಿಗೆಗೆ ನಾಟಿ ಮಾಡಿಸುವವರು ದರದ ಜೊತೆಗೆ ಅಂತರವನ್ನೂ ಮಾತಾಡಿಕೊಳ್ಳಬೇಕು. 20 × 10 ಸೆಂ.ಮೀ. ಅಂತರದಲ್ಲಿ ಚದರ ಮೀಟರಿಗೆ 50 ಗುಣಿಗಳಿರಬೇಕು. ಅಭಾವದ ವಾರದಲ್ಲಿ ಅವಸರದಿಂದ ವಿರಳವಾಗಿ ನೆಟ್ಟರೆ ಎಕರೆಗೆ ಕಡಿಮೆ ಆಳು ಸಾಕಾದಂತೆ ತೋರುತ್ತದೆ. ಆ ತಪ್ಪು ಸಂಖ್ಯೆಯೇ ಮುಂದಿನ ವರ್ಷದ ಅಂದಾಜಿಗೆ ಆಧಾರವಾಗಿಬಿಡುತ್ತದೆ.

ದಾಖಲೆ ಇಡುವುದು

ಪ್ರತಿ ದಿನ ಒಂದೇ ಸಾಲು ಸಾಕು: ದಿನಾಂಕ, ಕೆಲಸ, ಒಪ್ಪಿದವರ ಸಂಖ್ಯೆ, ಬಂದವರ ಸಂಖ್ಯೆ, ಮುಗಿದ ಎಕರೆ, ಕೊಟ್ಟ ಕೂಲಿ. ಕೆಲಸ ನಿಂತ ದಿನ ಅದರ ಕಾರಣವನ್ನೂ ಬರೆಯಿರಿ. ಮೂರು ಹಂಗಾಮುಗಳ ದಾಖಲೆ ಕೈಯಲ್ಲಿದ್ದರೆ ಈ ಲೇಖನದ ಉದಾಹರಣೆಯ ಎಲ್ಲ ಸಂಖ್ಯೆಗಳ ಬದಲಿಗೆ ನಿಮ್ಮದೇ ಸಂಖ್ಯೆಗಳನ್ನು ಹಾಕಬಹುದು. ಅಂದಾಜು ಪ್ರತಿ ವರ್ಷ ಎಷ್ಟು ತಪ್ಪಿತೆಂಬುದನ್ನೂ ಬರೆದಿಡಿ. ಮುಂದಿನ ವರ್ಷದ ಕನಿಷ್ಠ ಹಾಗೂ ಗರಿಷ್ಠಗಳ ನಡುವೆ ಎಷ್ಟು ಅಂತರವಿರಬೇಕೆಂಬುದನ್ನು ಅದು ತಿಳಿಸುತ್ತದೆ.

ಗಮನದಲ್ಲಿಡಬೇಕಾದ ಅಂಶಗಳು

• ಹಂಗಾಮಿನ ಒಟ್ಟು ಆಳುಗಳ ಬದಲು, ಕೆಲಸ ಸಾಧ್ಯವಿರುವ ದಿನಗಳಲ್ಲಿ ದಿನಕ್ಕೆ ಬೇಕಾಗುವ ಆಳುಗಳನ್ನು ಲೆಕ್ಕ ಮಾಡಿ.
• ನೀರು ಸಕಾಲಕ್ಕೆ, ತಡವಾಗಿ, ಕಡಿಮೆ ಎಂಬ ಮೂರು ಸಂದರ್ಭಗಳಿಗೂ ಲೆಕ್ಕವಿರಲಿ.
• ಮೂರರಲ್ಲೂ ಬೇಕಾಗುವಷ್ಟು ಆಳುಗಳನ್ನು ಮೊದಲೇ ಖಚಿತಪಡಿಸಿ. ಉಳಿದವರನ್ನು ಷರತ್ತಿನ ಮೇಲೆ ಗೊತ್ತುಮಾಡಿಕೊಳ್ಳಿ.
• ನೇರ ಬಿತ್ತನೆ, ಎರಡು ಕಂತಿನ ಸಸಿಮಡಿ ಹಾಗೂ ತಳಿಯ ಆಯ್ಕೆಯಿಂದ ಗರಿಷ್ಠ ಅಗತ್ಯವನ್ನು ತಗ್ಗಿಸಿ.
• ಹೊಸ ಮಾಹಿತಿ ಬಂದಾಗಲೆಲ್ಲ ಲೆಕ್ಕವನ್ನು ತಿದ್ದಿ, ತಂಡಗಳಿಗೆ ತಿಳಿಸಿ.

ನಿಮ್ಮ ಗದ್ದೆಯ ಮಣ್ಣಿಗೆ ನೇರ ಬಿತ್ತನೆ ಸೂಕ್ತವೇ, ಯಾವ ತಳಿ ಮತ್ತು ಯಾವ ಕಳೆನಾಶಕ ಹೊಂದುತ್ತದೆ ಎಂಬ ಮಾಹಿತಿಗಾಗಿ ಸಮೀಪದ ರೈತ ಸಂಪರ್ಕ ಕೇಂದ್ರ ಅಥವಾ ಕೃಷಿ ವಿಜ್ಞಾನ ಕೇಂದ್ರವನ್ನು ಸಸಿಮಡಿ ಹಾಕುವ ಮೊದಲೇ ಸಂಪರ್ಕಿಸಿರಿ.